ಪ್ರತಿನಿಧಿಯನ್ನು ಆರಿಸಿದವರು ಯಾರು?

ನಾನು ಪದವಿ ಓದುವಾಗ ಇದ್ದ ಹಾಸ್ಟೆಲಿನಲ್ಲಿ ಒಂದು ಉದ್ದನೆಯ ಪುಸ್ತಕವಿತ್ತು. ಅದರ ರಟ್ಟಿನ ಮೇಲೆ ‘ಆಹಾರ ಸಮಿತಿ ಸಭೆಯ ನಡಾವಳಿ’ ಎಂದು ಬರೆದಿತ್ತು. ತಿಂಗಳ ಕೊನೆಗೆ ಅಡುಗೆಯಣ್ಣ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರೂಮಿಗೆ ಬರುತ್ತಿದ್ದ. “ಇಲ್ಲೊಂದು ಸೈನು ಹಾಕಪ್ಪ” ಅನ್ನುತ್ತಿದ್ದ. ಹಾಕುತ್ತಿದ್ದೆ. ಯಾಕೆಂದರೆ ನಾನು ಆ ಸಮಿತಿಯ ವಿದ್ಯಾರ್ಥಿ ಪ್ರತಿನಿಧಿ. ನನ್ನನ್ನು ಯಾರು ಆರಿಸಿದರು ಎಂಬುದು ನನಗೇ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಭೆ ನಡೆದದ್ದನ್ನೂ ನಾನು ಕಾಣಲಿಲ್ಲ. ಬೇಳೆ ಎಷ್ಟು ಬಂತು, ಎಣ್ಣೆ ಎಷ್ಟು ಬಂತು ಎಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ಪುಸ್ತಕದ ಪ್ರಕಾರ ಪ್ರತಿ ತಿಂಗಳೂ ಸಭೆ ನಡೆದಿದೆ. ಊಟ ಚೆನ್ನಾಗಿದೆ. ವಿದ್ಯಾರ್ಥಿಗಳು ತೃಪ್ತರಾಗಿದ್ದಾರೆ. ಕೆಳಗೆ ನನ್ನ ಸಹಿ.

ನಮ್ಮಜ್ಜನಿಗೆ ಓದು ಬರುತ್ತಿರಲಿಲ್ಲ. ಸಾಲದ ಪುಸ್ತಕದಲ್ಲಿ ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಏನು ಬರೆದಿದೆ ಎಂದು ಕೇಳುವ ಹಾಗಿರಲಿಲ್ಲ. ಮೊಮ್ಮಗ ಬಿ.ಎ. ಮಾಡಿದ. ಹೆಬ್ಬೆಟ್ಟು ಹೋಗಿ ಸಹಿ ಬಂತು. ಕೇಳುವ ಹಾಗಿಲ್ಲ ಎನ್ನುವುದು ಮಾತ್ರ ಹಾಗೇ ಉಳಿಯಿತು.

ಇದು ನನ್ನೊಬ್ಬನ ಕತೆಯಾಗಿದ್ದರೆ ಬರೆಯಬೇಕಾದ್ದಿರಲಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಇವತ್ತು ‘ವಿದ್ಯಾರ್ಥಿ ಪ್ರತಿನಿಧಿ’ ಎಂದರೆ ಹೆಚ್ಚಿನ ಕಡೆ ಹೀಗೇ: ಮೇಲಿನವರು ಗೊತ್ತುಮಾಡಿದವನು, ಮೇಲಿನವರು ತಂದಲ್ಲಿ ಸಹಿ ಹಾಕುವವನು. ಇದು ಹೀಗೆ ಆದದ್ದು ಹೇಗೆ ಎನ್ನುವುದಕ್ಕೆ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ನಾವು ಹಾಸ್ಟೆಲಿನ ಕಡೆಯಿಂದ, ಕೇರಿಯ ಕಡೆಯಿಂದ ಬರೆದುಕೊಳ್ಳಬೇಕಾಗಿದೆ.

ನಾನಿದನ್ನು ಬರೆಯುತ್ತಿರುವುದು ಯಶವಂತನಗರದಲ್ಲಿ ಕೂತು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲು ದಾರಿಯ ಮೇಲಿನ ಊರು. ಸಂಡೂರು ಸೀಮೆಯ ಮಣ್ಣನ್ನು ಹೊರಗೆ ಸಾಗಿಸಲು ರೈಲು ಮೊದಲು ಬಂತು. ಮಣ್ಣು ಹೊತ್ತವರ ಮಕ್ಕಳಿಗೆ ವಿಶ್ವವಿದ್ಯಾಲಯ ಬಹಳ ತಡವಾಗಿ ಬಂತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಆಗ ಬಳ್ಳಾರಿ ಜಿಲ್ಲೆ ಮದ್ರಾಸಿನಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯ 1980ರಲ್ಲಿ ಆಯಿತು. ಅದರ ಸ್ನಾತಕೋತ್ತರ ಕೇಂದ್ರವೊಂದು ಸಂಡೂರು ತಾಲ್ಲೂಕಿನ ನಂದಿಹಳ್ಳಿಗೆ ಬಂದು, ಖನಿಜ ಸಂಸ್ಕರಣೆಯ ಪಾಠ ಇಲ್ಲೇ ಶುರುವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ.

ಈ ವರ್ಷಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಇವುಗಳ ಪಕ್ಕದಲ್ಲಿ ಇನ್ನೊಂದು ವರ್ಷ ಬರೆಯಿರಿ. ಕರ್ನಾಟಕದಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು 1989-90ರ ಹೊತ್ತಿಗೆ. ಅಂದರೆ ಹಂಪಿಯದೂ ಬಳ್ಳಾರಿಯದೂ ಹುಟ್ಟಿದ್ದೇ ಚುನಾವಣೆ ನಿಂತ ಮೇಲೆ. ನಮ್ಮ ಕೇರಿಯ ಹುಡುಗ ಹುಡುಗಿಯರು ಗುಂಪುಗುಂಪಾಗಿ ಎಂ.ಎ. ಓದಲು ಹೋಗುವಷ್ಟರಲ್ಲಿ ಅಲ್ಲಿ ಓಟು ಇರಲಿಲ್ಲ. ನಾವು ಹೊಸಿಲು ದಾಟಿದೆವು. ದಾಟುವಷ್ಟರಲ್ಲಿ ಒಳಗಿನವರು ಚಾಪೆ ಸುತ್ತಿಟ್ಟಿದ್ದರು.

*

ಇದಕ್ಕೂ ಹಿಂದಕ್ಕೆ ಹೋಗಬೇಕು. 1932ಕ್ಕೆ.

ಆ ವರ್ಷ ಸಂಡೂರಿನ ಅರಸ ಯಶವಂತರಾವ್ ಘೋರ್ಪಡೆ ತನ್ನ ಸಂಸ್ಥಾನದ ಕುಮಾರಸ್ವಾಮಿ ಗುಡಿಯನ್ನು ಅಸ್ಪೃಶ್ಯರಿಗೆ ತೆರೆಸಿದ. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ನಾಲ್ಕು ವರ್ಷ ಮೊದಲು. 1934ರಲ್ಲಿ ಗಾಂಧಿ ಸಂಡೂರಿಗೆ ಬಂದರು. ನಮ್ಮ ಸೀಮೆಯವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೇಳಬೇಕಾದ್ದೇ. ಅರಸ ಒಳ್ಳೆಯ ಕೆಲಸ ಮಾಡಿದ. ಆದರೆ ಅದು ಅರಸ ಕೊಟ್ಟದ್ದು. ಕೊಡುವವನು ಮನಸ್ಸು ಮಾಡಿದ, ಕೊಟ್ಟ.

ಅದೇ 1932ರಲ್ಲಿ ಅಂಬೇಡ್ಕರ್ ಬೇರೆಯದೇ ಒಂದನ್ನು ಕೇಳುತ್ತಿದ್ದರು. ಗುಡಿಯ ಬಾಗಿಲಲ್ಲ, ಓಟು. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಹಕ್ಕು. ಈ ಬೇಡಿಕೆ ಆ ವರ್ಷದ್ದಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಹೋಗಿ ನಿಂತಾಗಲೇ ಅವರು ಪ್ರಾತಿನಿಧ್ಯದ ಮಾತು ಎತ್ತಿದ್ದರು. ಆಗ ಅವರೂ ಇಪ್ಪತ್ತರ ಹರೆಯದಲ್ಲಿದ್ದವರು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿಯ ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಗಾಂಧಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಪ್ರಾಂತಗಳ ಶಾಸನ ಸಭೆಗಳಲ್ಲಿ 148 ಸ್ಥಾನ ಮೀಸಲಾದವು. ಆದರೆ ಆರಿಸುವ ಓಟು ಎಲ್ಲರದ್ದೂ ಆಯಿತು. ಕೂರುವವನು ನಮ್ಮವನು, ಕೂರಿಸುವವರು ಅವರು.

ಆ ಒಪ್ಪಂದದಲ್ಲೂ ಒಂದು ಬಾಗಿಲು ಉಳಿದಿತ್ತು. ಮೀಸಲು ಸ್ಥಾನಕ್ಕೆ ಮೊದಲು ದಲಿತ ಮತದಾರರೇ ಸೇರಿ ನಾಲ್ವರ ಪಟ್ಟಿಯನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಗೆಲ್ಲಿಸಬೇಕು ಎಂಬ ನಿಯಮ ಅದು. ಹತ್ತು ವರ್ಷಕ್ಕೆಂದು ಇಟ್ಟ ನಿಯಮ. ಸಂವಿಧಾನ ಬರುವಷ್ಟರಲ್ಲಿ ಅದು ಉಳಿಯಲಿಲ್ಲ. ಈ ನಾಲ್ವರ ಪಟ್ಟಿಯನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತೇನೆ.

ಕೊಟ್ಟದ್ದಕ್ಕೂ ಆರಿಸಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಇದು. ಕೊಟ್ಟವನು ಕೈ ಹಿಂದಕ್ಕೆ ತೆಗೆದರೆ ನಾವು ಏನೂ ಮಾಡಲಾರೆವು. ನಾವು ಆರಿಸಿದವನು ನಮ್ಮನ್ನು ಮರೆತರೆ ಅವನನ್ನು ಇಳಿಸಬಹುದು.

*

ಇನ್ನು 1973. ನಮ್ಮ ಚಳವಳಿಯ ಯಾವ ಚರಿತ್ರೆಯೂ ಈ ವರ್ಷವನ್ನು ದಾಟಿ ಹೋಗಲಾರದು.

ಆ ವರ್ಷ ಸಂಡೂರಿನಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಗೇಣಿ ರೈತರು, ಕೂಲಿಗಳು ಭೂಮಿಗಾಗಿ ಎದ್ದರು. ಮಾಜಿ ಅರಸು ಮನೆತನದ ಹಿಡಿತದಲ್ಲಿದ್ದ ಜಮೀನಿಗಾಗಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅದೇ ಮನೆತನದ ಎಂ.ವೈ. ಘೋರ್ಪಡೆ ಆಗ ದೇವರಾಜ ಅರಸು ಸರ್ಕಾರದ ಹಣಕಾಸು ಮಂತ್ರಿ. ಗುಡಿ ತೆರೆದು ನಲವತ್ತು ವರ್ಷವಾಗಿತ್ತು, ಹೊಲದ ಪ್ರಶ್ನೆ ತೆರೆದಿರಲಿಲ್ಲ. ಈ ಸಲ ಯಾರೂ ಕೊಡಲಿಲ್ಲ. ಜನ ಕೇಳಿದರು.

ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬರ್ಥದ ಮಾತಾಡಿದರು. ಇವರು ಯಾರು? ಪೌರಾಡಳಿತ ಮಂತ್ರಿಯಾಗಿ, ಮಲವನ್ನು ತಲೆ ಮೇಲೆ ಹೊರುವುದು ನಿಲ್ಲಬೇಕೆಂದು ಆಜ್ಞೆ ಮಾಡಿದವರು. ಅವರ ಮಾತಿಗೆ ರಾಜ್ಯದ ಕಾಲೇಜುಗಳು ಬೀದಿಗೆ ಬಂದವು. ತರಗತಿ ಬಂದ್ ಆದವು. ಮೆರವಣಿಗೆ, ಕಲ್ಲು, ಬೆಂಕಿ. ದಲಿತ ವಿದ್ಯಾರ್ಥಿಗಳ ಮೇಲೆ, ಅವರಿದ್ದ ಹಾಸ್ಟೆಲುಗಳ ಮೇಲೆ ಏಟು ಬಿತ್ತು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು.

ಇಲ್ಲಿ ಒಂದು ಮಾತನ್ನು ಸರಿಯಾಗಿ ನೋಡಬೇಕು. ‘ವಿದ್ಯಾರ್ಥಿಗಳು ಸಿಟ್ಟಾಗಿದ್ದಾರೆ’ ಎಂದು ಅಂದು ಎಲ್ಲರೂ ಹೇಳಿದರು. ಯಾವ ವಿದ್ಯಾರ್ಥಿಗಳು? ಹಾಸ್ಟೆಲಿನ ಬಾಗಿಲು ಹಾಕಿಕೊಂಡು ಒಳಗೆ ಕೂತವರೂ ವಿದ್ಯಾರ್ಥಿಗಳೇ. ಅವರ ಹೆಸರೂ ಕಾಲೇಜಿನ ಹಾಜರಿ ಪುಸ್ತಕದಲ್ಲಿತ್ತು. ಆದರೆ ‘ವಿದ್ಯಾರ್ಥಿ’ ಎಂಬ ಪದದೊಳಗೆ ಅವರಿರಲಿಲ್ಲ.

ಅದೇ ಚಳಿಗಾಲ, 1973ರ ಡಿಸೆಂಬರಿನಲ್ಲಿ, ಗುಜರಾತಿನ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಹಾಸ್ಟೆಲ್ ಊಟದ ದರವನ್ನು ನೂರಕ್ಕೆ 20ರಷ್ಟು ಏರಿಸಿದರು. ವಿದ್ಯಾರ್ಥಿಗಳು ಎದ್ದರು. ಊರೇ ಜೊತೆಗೆ ಬಂತು. 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಅಲ್ಲಿ ಹಾಸ್ಟೆಲಿನ ಅನ್ನದ ಪ್ರಶ್ನೆ ಸರ್ಕಾರವನ್ನೇ ಬೀಳಿಸಿತು. ಇಲ್ಲಿ ಹಾಸ್ಟೆಲಿನವರ ಪರ ಇದ್ದ ಮಂತ್ರಿಯನ್ನು ವಿದ್ಯಾರ್ಥಿಗಳ ಹೆಸರಿನಲ್ಲೇ ಇಳಿಸಲಾಯಿತು. ವಿದ್ಯಾರ್ಥಿ ಶಕ್ತಿ, ವಿದ್ಯಾರ್ಥಿ ಏಕತೆ ಎಂದು ಕೂಗುವ ಗೆಳೆಯರು ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಬೇಕು.

ಆ ಕಾಲದಲ್ಲಿ ಕಾಲೇಜು ಓದಿದ, ಈಗ ನಿವೃತ್ತರಾದ ನಮ್ಮ ಕೇರಿಯ ಮೇಷ್ಟ್ರೊಬ್ಬರನ್ನು ಯೂನಿಯನ್ ಚುನಾವಣೆಯ ಬಗ್ಗೆ ಕೇಳಿದೆ. ಅವರು ನಕ್ಕರು. “ಎಲೆಕ್ಷನ್ ಬಂದ್ರೆ ಹಾಸ್ಟೆಲಿಗೇ ಬರ್ತಿದ್ರು ತಮ್ಮಾ. ಹೆಗಲ ಮ್ಯಾಲೆ ಕೈ ಹಾಕ್ತಿದ್ರು. ಗೆಲ್ಸೋಕೆ ಕರೀತಿದ್ರು, ನಿಲ್ಲೋಕೆ ಕರೀತಿರಲಿಲ್ಲ. ನಿಲ್ಲಾಕೆ ಊರಾಗೆ ಹೊಲ ಇರಬೇಕು, ಕೈಯಾಗೆ ರೊಕ್ಕ ಇರಬೇಕು, ಹಿಂದೆ ನಾಕು ಜನ ಗಟ್ಟಿ ಇರಬೇಕು. ನಮ್ ಹತ್ರ ಸ್ಕಾಲರ್‌ಶಿಪ್ಪೂ ಟೈಮಿಗೆ ಇರತಿರಲಿಲ್ಲ.”

ಹಾಗಾದರೆ ದಲಿತ ವಿದ್ಯಾರ್ಥಿಗೆ ಪ್ರತಿನಿಧಿಗಳು ಎಲ್ಲಿಂದ ಬಂದರು? ಯೂನಿಯನ್ನಿನ ಹೊರಗಿನಿಂದ ಬಂದರು. ಬೂಸಾ ಗಲಾಟೆಯ ಏಟು ತಿಂದ ವಿದ್ಯಾರ್ಥಿಗಳು, ಅಧ್ಯಾಪಕರು, ಬರೆಯುವವರು ಒಂದು ಕಡೆ ಸೇರಿದರು. ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಮೈಸೂರಿನಿಂದ ‘ಪಂಚಮ’ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆಯಿತು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರಂಥವರು ಸಭೆಗಳಲ್ಲಿ ಎದ್ದು ನಿಂತು ಮಾತಾಡತೊಡಗಿದರು. ಯೂನಿಯನ್ ಆಫೀಸಿನ ಬೀಗದ ಕೈ ನಮಗೆ ಸಿಗಲಿಲ್ಲ. ಹಾಸ್ಟೆಲ್ ರೂಮೇ ನಮ್ಮ ಯೂನಿಯನ್ ಆಫೀಸು. ಯಾರೂ ಕೊಡದ ಪ್ರಾತಿನಿಧ್ಯವನ್ನು ನಮ್ಮ ಅಣ್ಣಂದಿರು ಹಾಗೆ ಮಾಡಿಕೊಂಡರು.

*

ಆದ್ದರಿಂದ ಚುನಾವಣೆ ನಿಂತಾಗ ನಮ್ಮಲ್ಲಿ ಕೆಲವರಿಗೆ ದುಃಖವಾಗಲಿಲ್ಲ. ಅದು ಅರ್ಥವಾಗುವಂಥದ್ದು. ದುಡ್ಡು, ಹೆಂಡ, ಜಾತಿ, ಹೊಡೆದಾಟ ಅಲ್ಲಿದ್ದವು. ಆದರೆ ನಿಲ್ಲಿಸಿದವರು ಏನನ್ನು ನಿಲ್ಲಿಸಿದರು? ಜಾತಿ ನಿಂತಿತೇ? ದುಡ್ಡು ನಿಂತಿತೇ? ಓಟು ಮಾತ್ರ ನಿಂತಿತು.

ಕಾಲವನ್ನು ನೋಡಿ. 1987ರಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25, ಪರಿಶಿಷ್ಟರಿಗೆ ನೂರಕ್ಕೆ 18 ಸ್ಥಾನ ಮೀಸಲು. ಗೌಡರ ಕಟ್ಟೆಯ ಕೆಳಗೆ ನಿಲ್ಲುತ್ತಿದ್ದವರು ಪಂಚಾಯ್ತಿಯ ಕುರ್ಚಿಯಲ್ಲಿ ಕೂತರು. 1989ರ ಮಾರ್ಚ್ 28ರಿಂದ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು, ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹದಿನೆಂಟು ತುಂಬಿದವನು ದೇಶದ ಪ್ರಧಾನಿ ಯಾರಾಗಬೇಕೆಂದು ಹೇಳಬಹುದು ಎಂದು ದೇಶ ಒಪ್ಪಿತು. ಅದೇ ಹೊತ್ತಿಗೆ, ಹೊಡೆದಾಟದ ಕಾರಣ ಹೇಳಿ, ಹದಿನೆಂಟು ತುಂಬಿದವನು ತನ್ನ ಕಾಲೇಜಿನ ಕಾರ್ಯದರ್ಶಿ ಯಾರಾಗಬೇಕೆಂದು ಹೇಳಲಾರ ಎಂದು ನಮ್ಮ ರಾಜ್ಯ ತೀರ್ಮಾನಿಸಿತು.

ವಿಧಾನಸಭೆಯ ಚುನಾವಣೆಯಲ್ಲಿ ಹೊಡೆದಾಟ ಆಗುವುದಿಲ್ಲವೇ? ಹೆಂಡ ಹರಿಯುವುದಿಲ್ಲವೇ? ಅದಕ್ಕಾಗಿ ಯಾರಾದರೂ ವಿಧಾನಸಭೆಯನ್ನು ಮುಚ್ಚಿದರೇ? ಪಂಚಾಯ್ತಿಯಲ್ಲಿ ಮೀಸಲಾತಿ ತಂದು ಸರಿಪಡಿಸಿದಂತೆ ಯೂನಿಯನ್ನನ್ನೂ ಸರಿಪಡಿಸಬಹುದಿತ್ತು. ಹಾಸ್ಟೆಲಿನ ಹುಡುಗ ನಿಲ್ಲಬಲ್ಲ ಚುನಾವಣೆ ಮಾಡಬಹುದಿತ್ತು. ಮಾಡಲಿಲ್ಲ. ಇವತ್ತು ನಮ್ಮ ಊರಲ್ಲಿ ಕೂಲಿ ಮಾಡುವ ಅವ್ವ ಗ್ರಾಮ ಪಂಚಾಯ್ತಿ ಮೆಂಬರಾಗಬಹುದು, ಮೀಸಲಾತಿಯ ಸರದಿ ಬಂದರೆ ಅಧ್ಯಕ್ಷೆಯೂ ಆಗಬಹುದು. ಎಂ.ಎ. ಓದುವ ಅವಳ ಮಗಳು ತನ್ನ ವಿಶ್ವವಿದ್ಯಾಲಯದಲ್ಲಿ ಒಂದು ಚೀಟಿ ಹಾಕಿ ಯಾರನ್ನೂ ಆರಿಸಲಾರಳು.

ವಿಶ್ವವಿದ್ಯಾಲಯದ ಮೇಲಿನ ಮನೆಗಳ ಕತೆಯೂ ಇದೇ ದಾರಿ ಹಿಡಿಯಿತು. 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು. 2000ದ ಕಾಯ್ದೆ ಅದನ್ನು ಕೈಬಿಟ್ಟಿತು. ಸಿಂಡಿಕೇಟು, ವಿದ್ಯಾವಿಷಯಕ ಪರಿಷತ್ತು ಉಳಿದವು. ಸಿಂಡಿಕೇಟಿಗೆ ಸರ್ಕಾರ ನಾಮಕರಣ ಮಾಡುವವರಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಜಾಗವಿದೆ. ಜಾಗವಿದೆ, ಸರಿ. ಆರಿಸುವ ಕೈ ಯಾರದು? ಮತ್ತೆ 1932ರ ಪ್ರಶ್ನೆಯೇ.

ಕೆಳಗೆ ತರಗತಿಯಲ್ಲೂ ಹಾಗೇ. ನಾನು ಓದಿದ ಕಡೆ ತರಗತಿ ಪ್ರತಿನಿಧಿಯ ಆಯ್ಕೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಅಧ್ಯಾಪಕರು ಹೆಚ್ಚು ಅಂಕದವರನ್ನು ಎದ್ದು ನಿಲ್ಲಿಸುತ್ತಿದ್ದರು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಇಂಗ್ಲಿಷಿನಲ್ಲಿ ಓದಿ ಬಂದವನಿಗೆ ಅಂಕ ಹೆಚ್ಚು. ಹೆಚ್ಚು ಅಂಕದವನಿಗೆ ಸ್ಕಾಲರ್‌ಶಿಪ್ ಬರುವುದು ತಡವಾದರೆ ಏನಾಗುತ್ತದೆಂದು ಗೊತ್ತಿಲ್ಲ. ಅವನು ನಮ್ಮ ಪ್ರತಿನಿಧಿ! ಚುನಾವಣೆ ಬೇಕು ಎಂದು ನಾವು ನಾಲ್ಕು ಜನ ಕೇಳಲು ಹೋದಾಗ ಬಂದ ಉತ್ತರ, “ನಿಮಗ್ಯಾಕ್ರಪ್ಪಾ ಅದೆಲ್ಲ, ಓದ್ಕೊಂಡು ಹೋಗ್ರಿ.” ಫೀಸಿನ ರಸೀದಿಯಲ್ಲಿ ಮಾತ್ರ ‘ವಿದ್ಯಾರ್ಥಿ ಸಂಘದ ಶುಲ್ಕ’ ಎಂಬ ಸಾಲು ತಪ್ಪದೆ ಇತ್ತು. ಸಂಘ ಇರಲಿಲ್ಲ, ಶುಲ್ಕ ಇತ್ತು.

*

2005ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ಆಯಿತು. 2006ರ ಸೆಪ್ಟೆಂಬರ್ 22ರಂದು ಕೋರ್ಟು ಅದರ ಶಿಫಾರಸುಗಳನ್ನು ಒಪ್ಪಿತು. ವಿದ್ಯಾರ್ಥಿ ಚುನಾವಣೆ ನಡೆಯಬೇಕು ಎಂದು ಸಮಿತಿ ಹೇಳಿತು. ಖರ್ಚು 5,000 ರೂಪಾಯಿ ಮೀರಬಾರದು, ಅಚ್ಚು ಹಾಕಿಸಿದ ಪೋಸ್ಟರು ಬೇಡ, ಕೈಬರಹದ್ದು ಸಾಕು ಎಂದಿತು. ಇವು ಬಡವನ ಪರವಾದ ಮಾತುಗಳೇ.

ಆದರೆ ಯಾರು ನಿಲ್ಲಬಹುದು? ಪದವಿ ವಿದ್ಯಾರ್ಥಿಗೆ 22 ವರ್ಷ ಮೀರಿರಬಾರದು, ಸ್ನಾತಕೋತ್ತರದವರಿಗೆ 25, ಸಂಶೋಧಕರಿಗೆ 28. ಹಾಜರಾತಿ ನೂರಕ್ಕೆ 75 ಇರಬೇಕು. ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು. ವಿಶ್ವವಿದ್ಯಾಲಯದ ಶಿಸ್ತು ಕ್ರಮಕ್ಕೆ ಒಳಗಾಗಿರಬಾರದು.

ಗೆಳೆಯರೆ, ಈ ನಿಯಮಗಳಲ್ಲಿ ಜಾತಿಯ ಹೆಸರು ಎಲ್ಲಿಯೂ ಇಲ್ಲ. ಆದರೆ ಹಾಸ್ಟೆಲಿನ ಒಂದೊಂದೇ ರೂಮಿಗೆ ಹೋಗಿ ಇವನ್ನು ಓದಿ ನೋಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಗಣಿಯಲ್ಲಿ ಲೋಡಿಂಗ್ ಮಾಡಿ ಮತ್ತೆ ಕಾಲೇಜಿಗೆ ಬಂದವನಿಗೆ ವಯಸ್ಸು ದಾಟಿರುತ್ತದೆ. ಸುಗ್ಗಿಯಲ್ಲಿ ಮನೆಗೆ ಹೋಗಿ ಕೂಲಿಗೆ ನಿಲ್ಲುವವಳಿಗೆ ಹಾಜರಾತಿ ಕಡಿಮೆ. ಕನ್ನಡ ಶಾಲೆಯಿಂದ ಬಂದವನಿಗೆ ಇಂಗ್ಲಿಷ್ ಬಾಕಿ. ಯಾರಿಗೆ ಪ್ರಾತಿನಿಧ್ಯ ಬೇಕಾಗಿದೆಯೋ ಅವರೇ ಒಬ್ಬೊಬ್ಬರಾಗಿ ಹೊರಗೆ ಉಳಿಯುತ್ತಾರೆ.

ಶಿಸ್ತು ಕ್ರಮದ ಮಾತನ್ನಂತೂ ಹೈದರಾಬಾದಿನಿಂದ ತಿಳಿಯಬೇಕು. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರು ದಲಿತ ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಆಡಳಿತ ಕಟ್ಟಡಕ್ಕೆ ಬರಬಾರದು, ಎಲ್ಲರೂ ಸೇರುವ ಜಾಗಗಳಲ್ಲಿ ಗುಂಪಾಗಿ ಇರಬಾರದು, ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಭಾಗವಹಿಸಬಾರದು ಎಂದು ಆಜ್ಞೆ ಮಾಡಿದರು. ಐವರು ಬಯಲಲ್ಲಿ ಮಲಗಿದರು. ಅವರಲ್ಲಿ ಒಬ್ಬ ರೋಹಿತ್ ವೇಮುಲ. 2016ರ ಜನವರಿ 17ರಂದು ಅವನು ಇಲ್ಲವಾದ. ಆ ಆಜ್ಞೆಯನ್ನು ಮತ್ತೊಮ್ಮೆ ಓದಿ. ಓದಬಹುದು, ಕೂಡಿ ನಿಲ್ಲಬಾರದು, ಆರಿಸಬಾರದು, ಆರಿಸಿಬರಬಾರದು. ನಮ್ಮ ಊರುಗಳಲ್ಲಿ ಇದಕ್ಕೆ ಬಹಿಷ್ಕಾರ ಅನ್ನುತ್ತಾರೆ.

ಹಾಗೆಂದು ಚುನಾವಣೆ ಇದ್ದಮಾತ್ರಕ್ಕೆ ಎಲ್ಲ ಸಿಗುತ್ತದೆ ಎನ್ನಲಾರೆ. ದಿಲ್ಲಿಯ ಜೆ.ಎನ್.ಯು.ನಲ್ಲಿ ಚುನಾವಣೆಯ ದೊಡ್ಡ ಪರಂಪರೆಯಿದೆ. ಅಲ್ಲಿ 1996ರ ಬತ್ತಿಲಾಲ್ ಬೈರವಾ ಅವರ ನಂತರ ಇನ್ನೊಬ್ಬ ದಲಿತ ಅಧ್ಯಕ್ಷ ಆಗಲು 2024 ಬರಬೇಕಾಯಿತು. ಓಟು ಬೇಕು. ಬರೀ ಓಟು ಸಾಲದು.

*

2025ರ ಕೊನೆಯಲ್ಲಿ ಕರ್ನಾಟಕದ ಕಾಲೇಜುಗಳಿಗೆ ಚುನಾವಣೆಯನ್ನು ಮರಳಿ ತರುವ ಮಾತು ಆಳುವ ಪಕ್ಷದೊಳಗೇ ಎದ್ದಿತು. ಬರಲಿ. ಆದರೆ ಹಳೆಯ ಚುನಾವಣೆಯೇ ಬಂದರೆ ಮತ್ತೆ ಹಾಸ್ಟೆಲಿಗೆ ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ, ಅಷ್ಟೆ. ನಾವು ಮೊದಲೇ ಕೇಳಬೇಕು.

ಪಂಚಾಯ್ತಿಯಲ್ಲಿ ಇರುವಂತೆ ಅಧ್ಯಕ್ಷ, ಕಾರ್ಯದರ್ಶಿ ಸ್ಥಾನಗಳೂ ಸೇರಿ ಸರದಿಯ ಮೀಸಲಾತಿ ಬೇಕು, ಹೆಂಗಸರಿಗೂ ಬೇಕು. ಮೀಸಲು ಸ್ಥಾನಕ್ಕೆ ಯಾರು ನಿಲ್ಲಬೇಕೆಂಬುದನ್ನು ಮೊದಲು ಪರಿಶಿಷ್ಟ ವಿದ್ಯಾರ್ಥಿಗಳೇ ಗುಟ್ಟಿನ ಓಟಿನಿಂದ ಗೊತ್ತುಮಾಡಬೇಕು. 1932ರ ನಾಲ್ವರ ಪಟ್ಟಿಯನ್ನು ನಾವು ವಿಶ್ವವಿದ್ಯಾಲಯದಲ್ಲಿ ಮತ್ತೆ ತರೋಣ. ವಯಸ್ಸಿನ, ಬಾಕಿ ವಿಷಯದ ಅಡ್ಡಿಗಳು ಹೋಗಬೇಕು. ಆಡಳಿತದವರು ಸಸ್ಪೆಂಡ್ ಮಾಡಿದಮಾತ್ರಕ್ಕೆ ನಿಲ್ಲುವ ಹಕ್ಕು ಹೋಗಬಾರದು. ಫೀಸು, ಪರೀಕ್ಷೆ, ಸ್ಕಾಲರ್‌ಶಿಪ್, ಹಾಸ್ಟೆಲ್ ಖರೀದಿ ತೀರ್ಮಾನಿಸುವ ಸಮಿತಿಗಳಲ್ಲಿ ಆರಿಸಿಬಂದವರು ಕೂರಬೇಕು. ಕೂತು ಓಟು ಹಾಕಬೇಕು. ನಡಾವಳಿ ಕನ್ನಡದಲ್ಲಿರಬೇಕು, ಗೋಡೆಗೆ ಅಂಟಬೇಕು. ಆರಿಸಿದವರಿಗೆ ಇಳಿಸುವ ಅಧಿಕಾರವೂ ಇರಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಂತ್ರಿಮಂಡಲವನ್ನು ಮಕ್ಕಳ ಚೀಟಿಯಿಂದಲೇ ಮಾಡಿಸಿ, ನೀವು ಹೆಸರು ಕೂಗಬೇಡಿ. ಹಾಸ್ಟೆಲಿನ ಗೆಳೆಯರೆ, ನಡಾವಳಿ ಪುಸ್ತಕ ಎಲ್ಲಿದೆ ಎಂದು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿಗೆ ಹತ್ತು ರೂಪಾಯಿ.

ಹೋದ ವರ್ಷ ನಾನಿದ್ದ ಹಾಸ್ಟೆಲಿಗೆ ಹೋಗಿದ್ದೆ. ತಿಂಗಳ ಕೊನೆ. ಅದೇ ಪುಸ್ತಕ, ಅದೇ ಅಡುಗೆಯಣ್ಣ. ತಪ್ಪು ಅವನದಲ್ಲ, ಅವನನ್ನು ಕಳಿಸಿದವರದು. ಬಿ.ಎ. ಮೊದಲ ವರ್ಷದ ಹುಡುಗನೊಬ್ಬ ಪುಸ್ತಕ ಇಸಕೊಂಡ. ಪೆನ್ನು ತೆಗೆಯಲಿಲ್ಲ. ಮಂಚದ ಮೇಲೆ ಕೂತು ಆ ಪುಟವನ್ನು ಪೂರ್ತಿ ಓದಿದ. ಆಮೇಲೆ ಕೇಳಿದ:

“ಈ ಸಭೆ ಯಾವತ್ತು ನಡೀತಣ್ಣ?”

ಅಡುಗೆಯಣ್ಣ ನನ್ನ ಮುಖ ನೋಡಿದ. ಮೂರು ವರ್ಷ ಸಹಿ ಹಾಕಿದವನು ನಾನು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಹುಡುಗ ಸಹಿ ಹಾಕದೆ ಪುಸ್ತಕವನ್ನು ವಾಪಸು ಕೊಟ್ಟ.